ಔಷಧಜ್ಞನೂ ರೋಗಿಯೂ

ಕೀಲುವಾತದಿಂದ ನರಳುತ್ತಿರುವ ಒಬ್ಬ ವೃದ್ಧೆಯನ್ನು ಕಲ್ಪಿಸಿಕೊಳ್ಳೋಣ. ವೈದ್ಯರು ಆಕೆಗೆ ಮೀಥೊಟ್ರೆಕ್ಸೇಟ್ ಎಂಬ ಔಷಧವನ್ನು ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳತಕ್ಕದ್ದೆಂದು ಬರೆದುಕೊಟ್ಟಿದ್ದಾರೆ; ಅದರ ದುಷ್ಪರಿಣಾಮಗಳನ್ನು ತಗ್ಗಿಸುವುದಕ್ಕಾಗಿ ಬೇರೆ ದಿನಗಳಲ್ಲಿ ಫೋಲಿಕ್ ಆಮ್ಲದ ಮಾತ್ರೆಯನ್ನೂ ಸೂಚಿಸಿದ್ದಾರೆ. ರೋಗನಿರ್ಣಯ ಸರಿಯಾಗಿದೆ, ಔಷಧದ ಆಯ್ಕೆ ಸರಿಯಾಗಿದೆ, ಪ್ರಮಾಣವೂ ಸರಿಯಾಗಿದೆ. ಅಂಗಡಿಯಲ್ಲಿ ಕೊಟ್ಟ ಮಾತ್ರೆಗಳೂ ಚೀಟಿಯಲ್ಲಿ ಬರೆದಿದ್ದವೇ. ಎರಡೂ ಚಿಕ್ಕ ಮಾತ್ರೆಗಳು. ಎರಡೂ ಹಳದಿ ಬಣ್ಣದವು. ರಕ್ತದೊತ್ತಡದ ಮಾತ್ರೆಯನ್ನು ದಿನವೂ ನುಂಗಿ ಅಭ್ಯಾಸವಿದ್ದ ಆಕೆ ಇವೆರಡನ್ನೂ ದಿನಕ್ಕೊಂದರಂತೆ ನುಂಗುತ್ತಾಳೆ. ಕೆಲವೇ ದಿನಗಳಲ್ಲಿ ಬಾಯೆಲ್ಲ ಹುಣ್ಣಾಗುತ್ತದೆ, ಜ್ವರ ಬರುತ್ತದೆ, ರಕ್ತಕಣಗಳ ಸಂಖ್ಯೆ ಕುಸಿಯುತ್ತದೆ. ಸಕಾಲದಲ್ಲಿ ಯಾರೂ ಗಮನಿಸದಿದ್ದರೆ ಪ್ರಾಣಕ್ಕೇ ಅಪಾಯ ಒದಗುತ್ತದೆ.

ಈ ವೃದ್ಧೆ ನಮ್ಮ ಕಲ್ಪನೆಯವಳಾದರೂ ಈ ಬಗೆಯ ಅನಾಹುತ ಕಲ್ಪಿತವಲ್ಲ. ಹಲವು ದೇಶಗಳ ವೈದ್ಯಕೀಯ ಪತ್ರಿಕೆಗಳಲ್ಲಿ ಇದು ಮತ್ತೆ ಮತ್ತೆ ವರದಿಯಾಗಿದೆ. ತಪ್ಪು ಯಾರದೆಂದು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ವೈದ್ಯರು ಬರೆದದ್ದರಲ್ಲಿ ದೋಷವಿಲ್ಲ. ಅಂಗಡಿಯವರು ಕೊಟ್ಟದ್ದರಲ್ಲಿ ದೋಷವಿಲ್ಲ. ಚೀಟಿಯ ಇಂಗ್ಲಿಷನ್ನು ಓದಲಾರದ ಆಕೆಯನ್ನು ದೂರುವಂತೆಯೂ ಇಲ್ಲ. ಚೀಟಿಯಲ್ಲಿ ಬರೆದ ಔಷಧವು ರೋಗಿಯ ದೇಹವನ್ನು ಸೇರುವವರೆಗೆ ಕ್ರಮಿಸಬೇಕಾದ ದಾರಿಯೊಂದುಂಟು. ಆ ದಾರಿಯುದ್ದಕ್ಕೂ ಔಷಧದ ಜೊತೆಯಲ್ಲಿ ಹೋಗಿ ನೋಡುವವರು ಯಾರೂ ಇರಲಿಲ್ಲ. ಈ ದಾರಿಯನ್ನೇ ತನ್ನ ಕ್ಷೇತ್ರವೆಂದು ಭಾವಿಸಿ ಬೆಳೆದಿರತಕ್ಕ ವಿದ್ಯಾಶಾಖೆಗೆ ಕ್ಲಿನಿಕಲ್ ಫಾರ್ಮಸಿ ಎಂದು ಹೆಸರು. ಕ್ಲಿನಿಕಲ್ ಎಂಬುದರ ಮೂಲ ಹಾಸಿಗೆ ಎಂಬರ್ಥದ ಗ್ರೀಕ್ ಪದ. ಆದಕಾರಣ ಇದನ್ನು ರೋಗಿಯ ಹಾಸಿಗೆಯ ಬಳಿಯಲ್ಲಿ ನಡೆಯುವ ಔಷಧವಿದ್ಯೆ ಎಂದು ತಿಳಿದರೆ ಪದಾರ್ಥಕ್ಕೂ ವಸ್ತುಸ್ಥಿತಿಗೂ ಹೊಂದುತ್ತದೆ. ಈ ಲೇಖನದಲ್ಲಿ ಫಾರ್ಮಸಿಸ್ಟರನ್ನು ಔಷಧಜ್ಞರೆಂದು ಕರೆದಿದ್ದೇವೆ. ಈ ವಿದ್ಯೆಯ ಸಂಶೋಧನೆ ಏನನ್ನು ಅಳೆಯುತ್ತಿದೆ, ಏನನ್ನು ಅಳೆಯಬೇಕಾಗಿದೆ, ಮತ್ತು ಅದಕ್ಕೆ ತಕ್ಕ ಶಿಕ್ಷಣ ಯಾವುದು ಎಂಬುದನ್ನು ವಿಚಾರಮಾಡುವುದು ನಮ್ಮ ಉದ್ದೇಶ.

ಔಷಧವನ್ನು ಕೊಡುವವರೂ ಅದನ್ನು ಬಳಸುವ ಕ್ರಮವನ್ನು ಹೇಳುವವರೂ ಒಬ್ಬರೇ ಆಗಿದ್ದ ಕಾಲ ನಮ್ಮಲ್ಲಿ ಬಹಳ ಹಿಂದಿನದಲ್ಲ. ಊರಿನ ಪಂಡಿತರು ಪೊಟ್ಟಣವನ್ನು ಕೈಗಿಡುವಾಗಲೇ ಅನುಪಾನವನ್ನೂ ಪಥ್ಯವನ್ನೂ ತಿಳಿಸಿ, ಎಂಟು ದಿನ ಬಿಟ್ಟು ಬಂದು ಕಾಣಬೇಕೆಂದು ಹೇಳಿ ಕಳುಹಿಸುತ್ತಿದ್ದರು. ಆ ಔಷಧಗಳ ಗುಣಾವಗುಣಗಳ ಚರ್ಚೆ ಇಲ್ಲಿ ಪ್ರಕೃತವಲ್ಲ. ಪಾಶ್ಚಾತ್ಯ ಪದ್ಧತಿಯಲ್ಲಿ ಬರೆಯುವ ಕೆಲಸವೂ ಸಿದ್ಧಪಡಿಸುವ ಕೆಲಸವೂ ಬೇರೆಬೇರೆಯಾದವು. ಸಿದ್ಧಪಡಿಸುವವರು ಅರೆದು, ಸೋಸಿ, ತೂಗಿ, ಸೀಸೆಗೆ ತುಂಬುತ್ತಿದ್ದರು. ನಮ್ಮ ಆಸ್ಪತ್ರೆಗಳ ಕಾಂಪೌಂಡರುಗಳನ್ನು ಹಳಬರು ಇನ್ನೂ ಮರೆತಿಲ್ಲ. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಮಾತ್ರೆಗಳೂ ಸೂಜಿಮದ್ದುಗಳೂ ಕಾರ್ಖಾನೆಗಳಿಂದಲೇ ಸಿದ್ಧವಾಗಿ ಬರತೊಡಗಿದುವು. ಅರೆಯುವ ಕೆಲಸ ಹೋಯಿತು. ಎಣಿಸಿಕೊಡುವ ಕೆಲಸ ಉಳಿಯಿತು. ವಿಶ್ವವಿದ್ಯಾನಿಲಯದಲ್ಲಿ ವರ್ಷಗಟ್ಟಲೆ ರಸಾಯನಶಾಸ್ತ್ರವನ್ನೂ ಔಷಧಗುಣಶಾಸ್ತ್ರವನ್ನೂ ಕಲಿತವರು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಮಾತ್ರೆಗಳನ್ನು ಸಾಗಿಸುವುದರಲ್ಲಿ ಆಯುಷ್ಯವನ್ನು ಕಳೆಯಬೇಕೇ ಎಂಬ ಪ್ರಶ್ನೆ ಅಮೆರಿಕದ ಔಷಧಜ್ಞರನ್ನು 1950 ಮತ್ತು 60ರ ದಶಕಗಳಲ್ಲಿ ಬಾಧಿಸಿತು.

ಅದಕ್ಕೆ ದೊರೆತ ಉತ್ತರಗಳಲ್ಲಿ ಪ್ರಸಿದ್ಧವಾದುದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ 1966ರಲ್ಲಿ ನಡೆದ ಪ್ರಯೋಗ. ಆಸ್ಪತ್ರೆಯ ಒಂಬತ್ತನೆಯ ಅಂತಸ್ತಿನ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಹಗಲಿರುಳೂ ಔಷಧಜ್ಞರು ಇರುವಂತೆ ಏರ್ಪಾಡು ಮಾಡಲಾಯಿತು. ಆದ್ದರಿಂದಲೇ ಅದಕ್ಕೆ ಒಂಬತ್ತನೆಯ ಅಂತಸ್ತಿನ ಯೋಜನೆಯೆಂದು ಹೆಸರು ಬಂತು. ನೆಲಮಾಳಿಗೆಯ ಔಷಧಾಲಯದಲ್ಲಿ ಕುಳಿತು ಚೀಟಿಗಾಗಿ ಕಾಯುವುದನ್ನು ಬಿಟ್ಟು ವೈದ್ಯರೊಡನೆಯೂ ದಾದಿಯರೊಡನೆಯೂ ವಾರ್ಡಿನಲ್ಲಿಯೇ ಕೆಲಸ ಮಾಡಿದುದರಿಂದ, ಯಾವ ರೋಗಿಗೆ ಯಾವ ಔಷಧ ಏಕೆ ನಡೆಯುತ್ತಿದೆಯೆಂಬುದು ಅವರಿಗೆ ಮೊದಲ ಬಾರಿಗೆ ಕಣ್ಣಾರೆ ಕಂಡಿತು. 1990ರಲ್ಲಿ ಹೆಪ್ಲರ್ ಮತ್ತು ಸ್ಟ್ರ್ಯಾಂಡ್ ಎಂಬ ಇಬ್ಬರು ವಿದ್ವಾಂಸರು ಬರೆದ ಲೇಖನ ಈ ಅನುಭವಗಳಿಗೆಲ್ಲ ಒಂದು ಸಿದ್ಧಾಂತದ ರೂಪವನ್ನು ಕೊಟ್ಟಿತು. ಅವರ ವಾದದ ತಿರುಳು ಹೊಣೆ ಎಂಬ ಒಂದು ಪದದಲ್ಲಿದೆ. ಔಷಧದಿಂದ ರೋಗಿಗೆ ಆಗಬೇಕಾದ ನಿಶ್ಚಿತ ಪ್ರಯೋಜನ ಆಗುವಂತೆ ನೋಡಿಕೊಳ್ಳುವ ಹೊಣೆಯಲ್ಲಿ ಔಷಧಜ್ಞರಿಗೂ ಪಾಲುಂಟು. ಸರಿಯಾದ ಮಾತ್ರೆಯನ್ನು ಕೊಟ್ಟ ಮಾತ್ರಕ್ಕೆ ಅದು ತೀರುವುದಿಲ್ಲ ಎಂಬುದು ಅವರ ನಿಲುವು. ಆ ಬಳಿಕ ಈ ಕ್ಷೇತ್ರದಲ್ಲಿ ಬಂದ ಬರಹಗಳಲ್ಲಿ ಬಹುಪಾಲು ಈ ಲೇಖನಕ್ಕೆ ಋಣಿಯಾಗಿವೆ.

ಹೊಣೆ ಹೊರುತ್ತೇವೆಂದು ಹೇಳುವವರು ಅದರ ಫಲವನ್ನು ತೋರಿಸಬೇಕಾಗುತ್ತದೆ. ಇಲ್ಲಿಂದ ಸಂಶೋಧನೆಯ ಕಥೆ ಮೊದಲಾಗುತ್ತದೆ. ವಾಚಕರು ಸ್ವಲ್ಪ ತಾಳ್ಮೆಯಿಂದ ಮೂರು ನಾಲ್ಕು ಅಧ್ಯಯನಗಳ ವಿವರಗಳನ್ನು ನಮ್ಮೊಡನೆ ಪರಿಶೀಲಿಸಬೇಕೆಂದು ಕೋರುತ್ತೇವೆ.

ಲೀಪ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ತೀವ್ರನಿಗಾ ಘಟಕದಲ್ಲಿ ನಡೆದದ್ದು. ಅನುಭವಿಯಾದ ಒಬ್ಬ ಔಷಧಜ್ಞರು ಪ್ರತಿದಿನ ಬೆಳಗ್ಗೆ ವೈದ್ಯರ ತಂಡದೊಡನೆ ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಿದ್ದರು. ಪೂರ್ವಾಹ್ನವೆಲ್ಲ ಅಲ್ಲಿಯೇ ಇದ್ದು, ಉಳಿದ ವೇಳೆಯಲ್ಲಿ ಕರೆದಾಗ ಸಿಕ್ಕುತ್ತಿದ್ದರು. ಔಷಧವನ್ನು ಬರೆಯುವಾಗಿನ ತಪ್ಪಿನಿಂದಾಗಿ ರೋಗಿಗೆ ಆಗುವ, ತಡೆಯಬಹುದಾಗಿದ್ದ ಹಾನಿಗಳನ್ನು ಸಂಶೋಧಕರು ಎಣಿಸಿದರು. ಪ್ರತಿ 1000 ರೋಗಿ-ದಿನಗಳಿಗೆ 10.4 ಇದ್ದ ಇಂಥ ಹಾನಿಗಳು 3.5ಕ್ಕೆ ಇಳಿದುವು, ಎಂದರೆ ಶೇಕಡ 66ರಷ್ಟು ಇಳಿಕೆ. ಔಷಧಜ್ಞರು ಹೋಗದಿದ್ದ ಮತ್ತೊಂದು ಘಟಕದಲ್ಲಿ ಅದೇ ಅವಧಿಯಲ್ಲಿ ಇಂಥ ಇಳಿಕೆ ಕಾಣಲಿಲ್ಲ. ಅವರು ಮಾಡಿದ 366 ಸಲಹೆಗಳಲ್ಲಿ 362ನ್ನು ವೈದ್ಯರು ಒಪ್ಪಿಕೊಂಡರೆಂಬುದನ್ನೂ ಇಲ್ಲಿ ಹೇಳಬೇಕು. ಔಷಧಜ್ಞರು ವೈದ್ಯರ ಅಧಿಕಾರಕ್ಕೆ ಕೈಹಾಕುತ್ತಾರೆಂಬ ಶಂಕೆ ನಮ್ಮಲ್ಲಿ ಈಗಲೂ ಅಲ್ಲಲ್ಲಿ ಕೇಳಿಬರುತ್ತದೆ. ಚೀಟಿ ಔಷಧಾಲಯಕ್ಕೆ ಬಂದ ಮೇಲೆ ದೂರವಾಣಿಯಲ್ಲಿ ಆಕ್ಷೇಪಿಸುವುದು ಬೇರೆ. ಬರೆಯುವ ಮೊದಲೇ ಪಕ್ಕದಲ್ಲಿ ನಿಂತು, ಈ ರೋಗಿಯ ಮೂತ್ರಪಿಂಡಕ್ಕೆ ಇಷ್ಟು ಪ್ರಮಾಣ ಹೆಚ್ಚಾಗಬಹುದಲ್ಲವೇ ಎಂದು ಕೇಳುವುದು ಬೇರೆ. ಎರಡನೆಯದರಿಂದ ಯಾರ ಮಾನವೂ ಹೋಗುವುದಿಲ್ಲ. ಆ 362ರ ಗುಟ್ಟು ಇದೇ ಇರಬೇಕೆಂದು ನಮ್ಮ ಊಹೆ.

ಎರಡನೆಯದು 2006ರಲ್ಲಿ ಪ್ರಕಟವಾದದ್ದು. ಆಸ್ಪತ್ರೆಯ ವಾರ್ಡಿಗಿಂತ ಮನೆಗೆ ಹತ್ತಿರದ್ದು. ವಾಷಿಂಗ್‌ಟನ್ನಿನ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಗೆ ಬರುತ್ತಿದ್ದ, 65 ವರ್ಷ ಅಥವಾ ಅದಕ್ಕೆ ಮೇಲ್ಪಟ್ಟ, ದಿನವೂ ನಾಲ್ಕು ಅಥವಾ ಹೆಚ್ಚು ಔಷಧಗಳನ್ನು ಸೇವಿಸಬೇಕಾಗಿದ್ದ 200 ಮಂದಿಯನ್ನು ಲೀ ಮೊದಲಾದವರು ಆರಿಸಿಕೊಂಡರು. ಆರಂಭದಲ್ಲಿ ಇವರು ನುಂಗಬೇಕಾದ ಮಾತ್ರೆಗಳಲ್ಲಿ ನುಂಗುತ್ತಿದ್ದುದು ಶೇಕಡ 61ರಷ್ಟನ್ನು ಮಾತ್ರ. ಔಷಧಜ್ಞರು ಪ್ರತಿಯೊಬ್ಬರಿಗೂ ಔಷಧಗಳ ವಿಷಯವನ್ನು ಬಿಡಿಸಿ ಹೇಳಿದರು. ಹೊತ್ತುಹೊತ್ತಿಗೆ ಬೇಕಾದ ಮಾತ್ರೆಗಳನ್ನು ಒಟ್ಟಿಗೆ ಕಟ್ಟಿದ ಪೊಟ್ಟಣಗಳನ್ನು ಕೊಟ್ಟರು. ಎರಡೆರಡು ತಿಂಗಳಿಗೆ ಕರೆದು ನೋಡಿದರು. ಆರು ತಿಂಗಳಲ್ಲಿ ಪ್ರಮಾಣ ಶೇಕಡ 96.9ಕ್ಕೆ ಏರಿತು. ಇಷ್ಟಕ್ಕೆ ನಿಲ್ಲಿಸಿದ್ದರೆ ಇದು ನೂರರಲ್ಲಿ ಒಂದಾಗುತ್ತಿತ್ತು. ಅವರು ಮುಂದುವರಿದು, ಅರ್ಧ ಜನಕ್ಕೆ ಅದೇ ಆರೈಕೆಯನ್ನು ಉಳಿಸಿ ಇನ್ನರ್ಧ ಜನವನ್ನು ಹಳೆಯ ಪದ್ಧತಿಗೆ ಮರಳಿಸಿದರು. ಯಾರು ಯಾವ ಕಡೆಗೆಂಬುದನ್ನು ಚೀಟಿಯೆತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಿದರು. ಮತ್ತೆ ಆರು ತಿಂಗಳಾದ ಮೇಲೆ ಆರೈಕೆ ಮುಂದುವರಿದವರಲ್ಲಿ 95.5, ಮರಳಿಸಿದವರಲ್ಲಿ 69.1. ಕಲಿಸಿದ ಪಾಠ ತಲೆಯಲ್ಲಿ ಉಳಿದಿದ್ದರೂ ಅಭ್ಯಾಸ ಕುಸಿಯಿತು. ಶಿಬಿರ ಮಾಡಿ, ಕರಪತ್ರ ಹಂಚಿ, ಒಂದು ದಿನ ತಿಳಿವಳಿಕೆ ಕೊಟ್ಟು ಮರಳುವ ನಮ್ಮ ಕಾಲೇಜುಗಳ ಪರಿಪಾಟಿಯನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು.

ಮೂರನೆಯ ಅಧ್ಯಯನದ ಫಲ ಇವೆರಡಕ್ಕೂ ವಿರುದ್ಧವಾದದ್ದು. ನಮ್ಮ ಅಭಿಪ್ರಾಯದಲ್ಲಿ ಈ ವಿದ್ಯೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲ ವರ್ಷದಲ್ಲಿಯೇ ಓದತಕ್ಕದ್ದು ಇದು. ಇಂಗ್ಲೆಂಡಿನ ನಾರ್ಫಕ್ ಮತ್ತು ಸಫಕ್ ಪ್ರಾಂತಗಳಲ್ಲಿ ಹಾಲೆಂಡ್ ಮತ್ತು ಸಂಗಡಿಗರು ನಡೆಸಿ 2005ರಲ್ಲಿ ಪ್ರಕಟಿಸಿದ ಹೋಮರ್ ಎಂಬ ಪ್ರಯೋಗ. ತುರ್ತಾಗಿ ಆಸ್ಪತ್ರೆ ಸೇರಿ ಮನೆಗೆ ಮರಳುತ್ತಿದ್ದ, 80 ವರ್ಷ ದಾಟಿದ 872 ವೃದ್ಧರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಮನೆಗೆ ಔಷಧಜ್ಞರು ಎರಡು ಸಲ ಹೋಗಿ, ಔಷಧಗಳನ್ನೆಲ್ಲ ಪರಿಶೀಲಿಸಿ, ಬೇಡವಾದುವನ್ನು ತೆಗೆಸಿ, ತಿಳಿಯದುದನ್ನು ವಿವರಿಸಿ, ವೈದ್ಯರಿಗೂ ವರದಿ ಮಾಡಿದರು. ಇದರಿಂದ ಮತ್ತೆ ಆಸ್ಪತ್ರೆ ಸೇರುವುದು ಕಡಿಮೆಯಾಗುವುದೆಂದು ಎಲ್ಲರ ನಿರೀಕ್ಷೆ. ಆರು ತಿಂಗಳ ಲೆಕ್ಕ ತೆಗೆದಾಗ, ಔಷಧಜ್ಞರು ಹೋಗದ ಗುಂಪಿನಲ್ಲಿ 178 ಬಾರಿ, ಹೋದ ಗುಂಪಿನಲ್ಲಿ 234 ಬಾರಿ ರೋಗಿಗಳು ಆಸ್ಪತ್ರೆಗೆ ಮರಳಿದ್ದರು. ಶೇಕಡ 30ರಷ್ಟು ಹೆಚ್ಚು.

ಹೀಗಾದದ್ದೇಕೆ? ತಮ್ಮ ಕಾಯಿಲೆಯ ಲಕ್ಷಣಗಳನ್ನು ಚೆನ್ನಾಗಿ ಅರಿತವರು ಬೇಗನೆ ನೆರವು ಬೇಡಿರಬಹುದು. ಅದುವರೆಗೆ ಅರ್ಧಂಬರ್ಧ ನುಂಗುತ್ತಿದ್ದವರು ಬರೆದುದನ್ನೆಲ್ಲ ನುಂಗತೊಡಗಿ ದುಷ್ಪರಿಣಾಮಗಳಿಗೆ ಈಡಾಗಿರಬಹುದು. ಹೊಸದೊಂದು ಕಣ್ಣು ನೋಡಿದುದರಿಂದ ಗಾಬರಿ ಹೆಚ್ಚಿರಲೂಬಹುದು. ಸತ್ತವರ ಸಂಖ್ಯೆ ಆರೈಕೆಯ ಗುಂಪಿನಲ್ಲಿ 49, ಇನ್ನೊಂದರಲ್ಲಿ 63 ಇತ್ತು. ಆದರೆ ಈ ವ್ಯತ್ಯಾಸ ಆಕಸ್ಮಿಕವಲ್ಲವೆಂದು ಹೇಳಲು ಸಂಖ್ಯಾಶಾಸ್ತ್ರ ಒಪ್ಪುವುದಿಲ್ಲ. ಯಾವ ವಿವರಣೆ ಸರಿಯೆಂಬುದಕ್ಕಿಂತ, ಈ ಪ್ರಯೋಗದಲ್ಲಿ ಅಳೆದದ್ದು ಏನನ್ನು ಎಂಬುದರ ಕಡೆಗೆ ವಾಚಕರ ಗಮನವನ್ನು ಸೆಳೆಯಬಯಸುತ್ತೇವೆ. ಔಷಧಜ್ಞರು ಎಷ್ಟು ದೋಷಗಳನ್ನು ಪತ್ತೆಮಾಡಿದರು, ಎಷ್ಟು ಸಲಹೆ ಕೊಟ್ಟರು, ರೋಗಿಗಳು ಎಷ್ಟು ತೃಪ್ತರಾದರು ಎಂದಷ್ಟೇ ಎಣಿಸಿದ್ದರೆ ಇದೇ ಕೆಲಸ ಅಮೋಘ ಯಶಸ್ಸೆಂದು ವರದಿಯಾಗುತ್ತಿತ್ತು. ರೋಗಿಗೆ ಮುಂದೇನಾಯಿತೆಂದು ನೋಡಿದುದರಿಂದ ಬೇರೆ ಸತ್ಯ ಹೊರಬಿತ್ತು. ಅದನ್ನು ಮುಚ್ಚಿಡದೆ ಪ್ರಕಟಿಸಿದ ಆ ಸಂಶೋಧಕರನ್ನು ಗೌರವದಿಂದ ನೆನೆಯಬೇಕು.

ಕೆನಡದ ಆಲ್ಬರ್ಟ ಮತ್ತು ಸಸ್ಕಾಚವಾನ್ ಪ್ರಾಂತಗಳ 54 ಔಷಧದ ಅಂಗಡಿಗಳಲ್ಲಿ 675 ಮಂದಿಯ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಹೃದ್ರೋಗದ ಅಪಾಯವಿದ್ದವರನ್ನು ಅಂಗಡಿಯ ಔಷಧಜ್ಞರೇ ಗುರುತಿಸಿ ವೈದ್ಯರ ಬಳಿಗೆ ಕಳುಹಿಸಿದರು. ಕೊಲೆಸ್ಟರಾಲಿನ ಪರೀಕ್ಷೆಯೋ ಚಿಕಿತ್ಸೆಯ ಹೆಚ್ಚಳವೋ ಅವರ ಗುಂಪಿನ ಶೇಕಡ 57 ಮಂದಿಗೆ ದೊರೆಯಿತು. ಇನ್ನೊಂದರಲ್ಲಿ ದೊರೆತದ್ದು 31 ಮಂದಿಗೆ. ಪ್ರಯೋಜನ ಸ್ಪಷ್ಟವಾದುದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಇಲ್ಲಿ ಅಳೆದದ್ದು ಪರೀಕ್ಷೆ ಚಿಕಿತ್ಸೆಗಳನ್ನೇ ಹೊರತು ಹೃದಯಾಘಾತಗಳನ್ನಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಆದರೂ ಅಂಗಡಿಯ ಮೇಜಿನ ಹಿಂದೆ ನಿಂತವರಿಂದಲೂ ಇಷ್ಟಾಗಬಹುದೆಂಬುದು ನಮ್ಮ ದೇಶದ ದೃಷ್ಟಿಯಿಂದ ದೊಡ್ಡ ಮಾತು.

ಈಗ ನಮ್ಮ ದೇಶದ ವಿಷಯಕ್ಕೆ ಬರೋಣ. ಭಾರತದಲ್ಲಿ ವಿಶ್ವವಿದ್ಯಾನಿಲಯ ಮಟ್ಟದ ಔಷಧವಿದ್ಯೆ 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಅವರ ಪ್ರಯತ್ನದಿಂದ ಮೊದಲಾಯಿತು. ಫಾರ್ಮಸಿ ಕಾಯಿದೆ ಬಂದದ್ದು 1948ರಲ್ಲಿ. ಸ್ವತಂತ್ರ ದೇಶಕ್ಕೆ ಆಗ ಬೇಕಾಗಿದ್ದುದು ಔಷಧಗಳನ್ನು ಇಲ್ಲಿಯೇ ತಯಾರಿಸುವ, ಅವುಗಳ ಶುದ್ಧಿಯನ್ನು ಪರೀಕ್ಷಿಸುವ ತಜ್ಞರು; ಪಠ್ಯಕ್ರಮಗಳು ಸಹಜವಾಗಿಯೇ ಕಾರ್ಖಾನೆಯ ಕಡೆಗೆ ಮುಖಮಾಡಿದುವು. ಆ ಆಯ್ಕೆಯನ್ನು ಈಗ ಆಕ್ಷೇಪಿಸುವುದು ನ್ಯಾಯವಲ್ಲ. ದೇಶ ತನ್ನ ಔಷಧಗಳನ್ನು ತಾನೇ ತಯಾರಿಸಿಕೊಂಡು ಹೊರಗೂ ಕಳುಹಿಸುವಂತಾದದ್ದರಲ್ಲಿ ಆ ಶಿಕ್ಷಣದ ಪಾಲುಂಟು. ಆದರೆ ಅಂಗಡಿಯಲ್ಲಿಯೂ ಆಸ್ಪತ್ರೆಯ ಔಷಧ ವಿತರಣೆಯ ಕಿಟಕಿಯಲ್ಲಿಯೂ ರೋಗಿಯನ್ನು ಎದುರಿಸುವವರು ಹೆಚ್ಚಾಗಿ ಎರಡು ವರ್ಷದ ಡಿಪ್ಲೊಮಾ ಪಡೆದು 500 ಗಂಟೆಗಳ ತರಬೇತಿ ಮುಗಿಸಿದವರು. ರೋಗಿಯೊಡನೆ ಮಾತನಾಡುವ ಕಲೆಗೆ ಅವರ ಹಳೆಯ ಪಾಠಗಳಲ್ಲಿ ದೊರೆತ ಸ್ಥಳ ಅತ್ಯಲ್ಪ.

ಈ ಮುಖವನ್ನು ರೋಗಿಯ ಕಡೆಗೆ ತಿರುಗಿಸಿದ ಕೀರ್ತಿಯಲ್ಲಿ ಕರ್ಣಾಟಕಕ್ಕೆ ಗಣ್ಯವಾದ ಪಾಲಿದೆ. 1990ರ ದಶಕದ ಉತ್ತರಾರ್ಧದಲ್ಲಿ ಮೈಸೂರಿನಲ್ಲಿಯೂ ಉದಕಮಂಡಲದಲ್ಲಿಯೂ ಇರುವ ಜೆ.ಎಸ್.ಎಸ್. ಫಾರ್ಮಸಿ ಕಾಲೇಜುಗಳು ಫಾರ್ಮಸಿ ಪ್ರ್ಯಾಕ್ಟೀಸ್ ಎಂಬ ಸ್ನಾತಕೋತ್ತರ ವಿಷಯವನ್ನು ಆರಂಭಿಸಿದುವು. ಆಸ್ಟ್ರೇಲಿಯದ ಅನುಭವಿಗಳ ನೆರವು ದೊರೆಯಿತು. ವಿದ್ಯಾರ್ಥಿಗಳು ಆಸ್ಪತ್ರೆಯ ವಾರ್ಡುಗಳಲ್ಲಿ ಕಲಿಯತೊಡಗಿದರು. ಕರ್ಣಾಟಕ ರಾಜ್ಯ ಫಾರ್ಮಸಿ ಕೌನ್ಸಿಲು 1997ರಲ್ಲಿ ಬೆಂಗಳೂರಿನಲ್ಲಿ ಔಷಧ ಮಾಹಿತಿ ಕೇಂದ್ರವೊಂದನ್ನು ತೆರೆಯಿತು. ಪಾರ್ಥಸಾರಥಿ, ನೈಫೋರ್ಟ್-ಹ್ಯಾನ್ಸೆನ್ ಮತ್ತು ನಹತ ಇವರು ಸಂಪಾದಿಸಿ 2004ರಲ್ಲಿ ಹೊರತಂದ ಪಠ್ಯಪುಸ್ತಕ ಭಾರತದ ಆಸ್ಪತ್ರೆಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. 2008ರಲ್ಲಿ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯ ಫಾರ್ಮ್.ಡಿ. ಎಂಬ ಆರು ವರ್ಷಗಳ ಪದವಿಯ ನಿಯಮಗಳನ್ನು ಜಾರಿಗೆ ತಂದಿತು: ಐದು ವರ್ಷ ವ್ಯಾಸಂಗ, ಒಂದು ವರ್ಷ ಆಸ್ಪತ್ರೆಯಲ್ಲಿ ವಾಸ್ತವ ಸೇವೆ. ಆ ಒಂದು ವರ್ಷದಲ್ಲಿ ಆರು ತಿಂಗಳು ಸಾಮಾನ್ಯ ವೈದ್ಯವಿಭಾಗಕ್ಕೆ, ಉಳಿದ ಆರು ತಿಂಗಳು ಬೇರೆ ಮೂರು ವಿಭಾಗಗಳಿಗೆ ಮೀಸಲು. 2015ರ ಫಾರ್ಮಸಿ ಪ್ರ್ಯಾಕ್ಟೀಸ್ ನಿಯಮಗಳು ರೋಗಿಗೆ ತಿಳಿವಳಿಕೆ ಕೊಡುವುದನ್ನು ನೋಂದಾಯಿತ ಔಷಧಜ್ಞರ ಕರ್ತವ್ಯವನ್ನಾಗಿ ಮಾಡಿದುವು. 2021ರ ತಿದ್ದುಪಡಿಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಎಂಬ ಸ್ಥಾನದ ಹೆಸರು ಸ್ಪಷ್ಟವಾಗಿ ಬಂತು.

ಕಾಗದದ ಮೇಲೆ ಇಷ್ಟು ಸಿದ್ಧವಾಗಿದ್ದರೂ, ಪದವಿ ಪಡೆದು ಹೊರಬರುವ ತರುಣತರುಣಿಯರಿಗೆ ವಾರ್ಡಿನಲ್ಲಿ ನಿಲ್ಲುವ ಸ್ಥಾನ ಎಷ್ಟು ಆಸ್ಪತ್ರೆಗಳಲ್ಲಿದೆ ಎಂಬ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳು ನಮ್ಮನ್ನು ಪ್ರತಿವರ್ಷ ಕೇಳುತ್ತಾರೆ. ಆರು ವರ್ಷ ರೋಗಿಯ ಬಳಿ ನಿಲ್ಲಲು ಕಲಿತವರಲ್ಲಿ ಅನೇಕರು ಕಡೆಗೆ ಗಣಕಯಂತ್ರದ ಮುಂದೆ ಕುಳಿತು ಪರದೇಶದ ಕಂಪನಿಗಳಿಗೆ ಬಂದ ದುಷ್ಪರಿಣಾಮಗಳ ವರದಿಗಳನ್ನು ವಿಂಗಡಿಸುವ ಉದ್ಯೋಗಕ್ಕೆ ಸೇರುತ್ತಾರೆ. ಆ ಕೆಲಸವೂ ಬೇಕಾದದ್ದೇ. ಆದರೆ ಅದಕ್ಕಾಗಿ ಹಾಸಿಗೆಯ ಬಳಿಯ ಅಭ್ಯಾಸ ಬೇಕಾಗಿರಲಿಲ್ಲ. ಆಸ್ಪತ್ರೆಯ ಆಡಳಿತಗಾರರು ಹೊಸ ಹುದ್ದೆಗೆ ಸಂಬಳ ಕೊಡುವ ಮೊದಲು ಇದರಿಂದ ರೋಗಿಗೇನು ಲಾಭವೆಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಉತ್ತರ ಕೊಡಬೇಕಾದುದು ನಮ್ಮ ಸಂಶೋಧನೆ. ಅದು ಉತ್ತರ ಕೊಡುತ್ತಿದೆಯೇ?

ನಮ್ಮ ದೇಶದ ಕಾಲೇಜುಗಳಲ್ಲಿ ಸಿದ್ಧವಾಗುವ ಪ್ರೌಢಪ್ರಬಂಧಗಳ ಒಂದು ಸಾಮಾನ್ಯ ಮಾದರಿಯುಂಟು. ನಮ್ಮ ವಿಭಾಗದ ಪ್ರಬಂಧಗಳನ್ನೂ ಇದರಿಂದ ಹೊರಗಿಟ್ಟು ಮಾತನಾಡುವಂತಿಲ್ಲ. ಆರು ತಿಂಗಳು ಒಂದು ವಾರ್ಡಿನಲ್ಲಿ ಚಿಕಿತ್ಸಾಪತ್ರಗಳನ್ನು ಪರಿಶೀಲಿಸುವುದು. ಒಂದರೊಡನೊಂದು ಹೊಂದದ ಔಷಧಗಳು ಇಷ್ಟು, ಪ್ರಮಾಣದ ದೋಷಗಳು ಇಷ್ಟು ಎಂದು ಪಟ್ಟಿಮಾಡುವುದು. ಸಲಹೆಗಳಲ್ಲಿ ಶೇಕಡ ಇಷ್ಟನ್ನು ವೈದ್ಯರು ಅಂಗೀಕರಿಸಿದರೆಂದು ಕೋಷ್ಟಕ ಬರೆಯುವುದು. ಔಷಧಜ್ಞರು ಇದ್ದರೆ ರೋಗಿಗಳಿಗೆ ಒಳ್ಳೆಯದೆಂದು ಮುಗಿಸುವುದು. ಕೋಷ್ಟಕದಲ್ಲಿ ಇಲ್ಲದ ಮಾತು ಕಡೆಯ ವಾಕ್ಯದಲ್ಲಿ ಹೇಗೆ ಬಂತೆಂದು ಪರೀಕ್ಷಕರು ಕೇಳುವುದು ಅಪರೂಪ. ಗಣಕಯಂತ್ರ ತೋರಿಸುವ ಔಷಧ ವಿರೋಧಗಳಲ್ಲಿ ಬಹಳಷ್ಟು ರೋಗಿಯ ಮಟ್ಟಿಗೆ ನಿರುಪದ್ರವಿಗಳು. ಅವನ್ನೆಲ್ಲ ಎಣಿಸಿದರೆ ಸಂಖ್ಯೆ ದೊಡ್ಡದಾಗುತ್ತದೆ, ಅಷ್ಟೆ. ಇನ್ನೊಂದು ಕಡೆ, ನಿಜವಾಗಿ ಅಪಾಯಕರವಾದದ್ದು ಪಟ್ಟಿಗೆ ಸಿಕ್ಕದೆ ಹೋಗಬಹುದು. ರಕ್ತದೊತ್ತಡಕ್ಕೆ ಎನಲಾಪ್ರಿಲ್ ಜಾತಿಯ ಮಾತ್ರೆಯನ್ನೂ ಮೂತ್ರವನ್ನು ಹೆಚ್ಚಿಸುವ ಮಾತ್ರೆಯನ್ನೂ ಸೇವಿಸುತ್ತಿರುವ ರೈತನೊಬ್ಬ ಮಂಡಿನೋವಿಗೆಂದು ಅಂಗಡಿಯಿಂದ ತಾನೇ ಡೈಕ್ಲೊಫೆನಾಕ್ ಕೊಂಡು ನುಂಗುತ್ತಾನೆ. ಈ ಮೂರೂ ಕೂಡಿದರೆ, ಅದರಲ್ಲಿಯೂ ಬಿಸಿಲಿನ ದುಡಿಮೆಯಲ್ಲಿ ನೀರು ಕಡಿಮೆಯಾದ ದೇಹದಲ್ಲಿ, ಮೂತ್ರಪಿಂಡಕ್ಕೆ ತಟ್ಟನೆ ಪೆಟ್ಟು ಬೀಳಬಹುದು. ಮೂರನೆಯ ಮಾತ್ರೆ ಚಿಕಿತ್ಸಾಪತ್ರದಲ್ಲಿ ಇರುವುದೇ ಇಲ್ಲ. ಕೇಳಿದವರಿಗೆ ಮಾತ್ರ ಅದು ತಿಳಿಯುತ್ತದೆ.

ಕೇಳುವುದು ಹೇಗೆಂಬುದೇ ಶಿಕ್ಷಣದ ಪ್ರಶ್ನೆ. ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದರೆ ನಮ್ಮ ಜನ ಹೌದೆಂದೇ ಹೇಳುತ್ತಾರೆ. ಬಿಳಿಯ ಕೋಟು ತೊಟ್ಟವರಿಗೆ ಇಲ್ಲವೆನ್ನುವುದು ಮರ್ಯಾದೆಯಲ್ಲವೆಂದು ಅವರ ಭಾವನೆ. ಅಜ್ಜಿ, ಮೊನ್ನೆ ಸಂಕಷ್ಟಿಯ ದಿನ ಮಾತ್ರೆ ಏನು ಮಾಡಿದಿರಿ ಎಂದು ಕೇಳಿದರೆ ಬೇರೆ ಉತ್ತರ ಬರುತ್ತದೆ. ಉಪವಾಸದ ದಿನ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನುಂಗಿ ಊಟ ಬಿಡುವುದೂ ಅಪಾಯ. ಆ ಭಯದಿಂದ ಎಲ್ಲ ಮಾತ್ರೆಗಳನ್ನೂ ಬಿಡುವುದೂ ಅಪಾಯ. ಮಾತ್ರೆ ಉಷ್ಣವೆಂದು ಬೇಸಗೆಯಲ್ಲಿ ಅರ್ಧ ಮಾಡಿಕೊಳ್ಳುವವರಿದ್ದಾರೆ. ಒತ್ತಡ ಇಳಿದಿದೆಯೆಂದು ವೈದ್ಯರು ಹೇಳಿದ ಕಾರಣದಿಂದಲೇ ರಕ್ತದೊತ್ತಡದ ಮಾತ್ರೆಯನ್ನು ನಿಲ್ಲಿಸುವವರಿದ್ದಾರೆ. ಕಾಯಿಲೆ ವಾಸಿಯಾಯಿತೆಂದು ಅವರು ತಿಳಿಯುವುದು ಸಹಜವೇ. ಊಟಕ್ಕೆ ಮೊದಲು ಎಂದರೆ ಕೆಲವರಿಗೆ ತಟ್ಟೆಯ ಮುಂದೆ ಕುಳಿತಾಗ, ಕೆಲವರಿಗೆ ಒಂದು ಗಂಟೆ ಮುಂಚೆ. ಉಬ್ಬಸಕ್ಕೆ ಸೇದುವ ಔಷಧದ ಉಪಕರಣವನ್ನು ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ಹೊಂದಿಕೆಯಿಲ್ಲದೆ, ಔಷಧವೆಲ್ಲ ಗಂಟಲಲ್ಲಿಯೇ ಉಳಿದುಬಿಡುವುದನ್ನು ಪ್ರತಿ ವಾರ್ಡಿನಲ್ಲಿಯೂ ನೋಡಬಹುದು. ಇವು ಯಾವುವೂ ಪರದೇಶದ ಪಠ್ಯಪುಸ್ತಕದಲ್ಲಿ ಈ ರೂಪದಲ್ಲಿ ಸಿಕ್ಕವು. ರೋಗಿಯ ಬಾಯಿಂದಲೇ ಕಲಿಯಬೇಕು.

ಆದ್ದರಿಂದ ವಿದ್ಯಾರ್ಥಿ ಕನ್ನಡದಲ್ಲಿ, ರೋಗಿಯ ಸೀಮೆಯ ಕನ್ನಡದಲ್ಲಿ, ಔಷಧದ ಬಳಕೆಯನ್ನು ಹೇಳಬಲ್ಲನೇ ಎಂಬುದನ್ನು ಪರೀಕ್ಷೆಯ ಒಂದು ಅಂಗವನ್ನಾಗಿ ಮಾಡಬೇಕೆಂಬುದು ನಮ್ಮ ಅಭಿಪ್ರಾಯ. ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುವುದರಿಂದ, ಔಷಧದ ಕ್ರಿಯೆಯನ್ನು ಕಣದ ಮಟ್ಟದಲ್ಲಿ ವಿವರಿಸಬಲ್ಲ ಬುದ್ಧಿವಂತರೂ ಇದನ್ನು ಏಕೆ ನಿಲ್ಲಿಸಬಾರದೆಂದು ಒಬ್ಬ ಹೊಲದಾಳಿಗೆ ಹೇಳುವಾಗ ತಡವರಿಸುತ್ತಾರೆ. ಹೇಳಿದ ಮೇಲೆ ರೋಗಿಯಿಂದಲೇ ತಿರುಗಿ ಹೇಳಿಸಬೇಕು. ಮನೆಗೆ ಹೋಗಿ ಮಗನಿಗೆ ಏನು ಹೇಳುತ್ತೀರಿ, ನನಗೊಮ್ಮೆ ಹೇಳಿ ತೋರಿಸಿ ಎಂದರೆ ಸಾಕು. ಮೊದಲಲ್ಲಿ ನಾವು ಕಲ್ಪಿಸಿಕೊಂಡ ವೃದ್ಧೆಯ ಮುಂದೆ ಈ ಒಂದು ಮಾತನ್ನು ಯಾರಾದರೂ ಆಡಿದ್ದರೆ ವಾರಕ್ಕೊಮ್ಮೆ ಎಂಬುದು ದಿನಕ್ಕೊಮ್ಮೆ ಆಗಿರುವುದು ಅಲ್ಲಿಯೇ ಹೊರಬೀಳುತ್ತಿತ್ತು. ಯಾವ ವಾರವೆಂದು ಹೆಸರಿಟ್ಟು, ಸೋಮವಾರವೆಂದೋ ಗುರುವಾರವೆಂದೋ ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆದುಕೊಡುವುದಕ್ಕೆ ಅರ್ಧ ನಿಮಿಷವೂ ಬೇಡ.

ಕಲಿಸುವವರ ವಿಷಯದಲ್ಲಿಯೂ ಒಂದು ಮಾತನ್ನು ಹೇಳಬೇಕಾಗಿದೆ. ಶಸ್ತ್ರಚಿಕಿತ್ಸೆಯನ್ನು ಕಲಿಸುವವರು ತಾವೂ ಶಸ್ತ್ರವನ್ನು ಹಿಡಿಯುತ್ತಾರೆ. ಕ್ಲಿನಿಕಲ್ ಫಾರ್ಮಸಿಯ ಅಧ್ಯಾಪಕರು ಮಾತ್ರ ತರಗತಿಯಲ್ಲಿ ಬೋಧಿಸಿ, ವಿದ್ಯಾರ್ಥಿಗಳನ್ನು ವಾರ್ಡಿಗೆ ಕಳುಹಿಸಿ, ಸಂಜೆ ದಾಖಲೆ ಪುಸ್ತಕಕ್ಕೆ ರುಜು ಹಾಕುವುದು ಅಪರೂಪವಲ್ಲ. ತಾವೇ ದಿನಕ್ಕೆರಡು ಗಂಟೆ ವಾರ್ಡಿನಲ್ಲಿ ನಿಂತು, ಹತ್ತು ಜನ ರೋಗಿಗಳ ಔಷಧಗಳಿಗೆ ಉತ್ತರ ಹೇಳುವ ಅಧ್ಯಾಪಕರಿದ್ದಲ್ಲಿ ವೈದ್ಯರು ವಿದ್ಯಾರ್ಥಿಗಳನ್ನು ಅಡ್ಡಿಯೆಂದು ಭಾವಿಸುವುದಿಲ್ಲ.

ಮುಂದಿನ ಪ್ರೌಢಪ್ರಬಂಧಗಳಿಗಾಗಿ ನಾವು ಸೂಚಿಸಬಯಸುವ ಬದಲಾವಣೆ ದೊಡ್ಡದೇನಲ್ಲ. ಹಣವನ್ನೂ ಬಹಳ ಬೇಡುವುದಿಲ್ಲ. ಐವತ್ತು ವಿದ್ಯಾರ್ಥಿಗಳು ಐವತ್ತು ವಿಷಯಗಳನ್ನು ಆರಿಸಿಕೊಳ್ಳುವ ಬದಲು, ಒಂದು ಪ್ರದೇಶದ ಹತ್ತು ಕಾಲೇಜುಗಳು ಸೇರಿ ಒಂದೇ ಪ್ರಶ್ನೆಯನ್ನು, ಒಂದೇ ನಮೂನೆಯಲ್ಲಿ, ಒಂದೇ ವರ್ಷ ವಿಚಾರಿಸಬಹುದು. ಉದಾಹರಣೆಗೆ, ಹೃದಯದ ದುರ್ಬಲತೆಯಿಂದ ಆಸ್ಪತ್ರೆ ಸೇರಿ ಮನೆಗೆ ಹೋದವರನ್ನು ಔಷಧಜ್ಞರು ದೂರವಾಣಿಯ ಮೂಲಕ ವಾರಕ್ಕೊಮ್ಮೆ ವಿಚಾರಿಸಿದರೆ ಅವರು ಆಸ್ಪತ್ರೆಗೆ ಮರಳುವುದು ಹೆಚ್ಚುವುದೋ ಕಡಿಮೆಯಾಗುವುದೋ? ಹೋಮರ್ ಪ್ರಯೋಗವನ್ನು ಓದಿದವರು ಉತ್ತರವನ್ನು ಮೊದಲೇ ಊಹಿಸುವ ಸಾಹಸಕ್ಕೆ ಹೋಗಲಾರರು. ಒಬ್ಬ ವಿದ್ಯಾರ್ಥಿಗೆ ನಲವತ್ತು ರೋಗಿಗಳು ಸಿಕ್ಕಿದರೆ ಹತ್ತು ಕಾಲೇಜುಗಳ ಐವತ್ತು ವಿದ್ಯಾರ್ಥಿಗಳಿಗೆ ಎರಡು ಸಾವಿರ ರೋಗಿಗಳಾಗುತ್ತಾರೆ. ನಲವತ್ತರಿಂದ ಹೇಳಲಾಗದ ಮಾತನ್ನು ಎರಡು ಸಾವಿರದಿಂದ ಹೇಳಬಹುದು. ಬಿಡುಗಡೆಯ ದಿನದೊಂದಿಗೆ ನಮೂನೆ ಮುಗಿಯಬಾರದು. ಮೂವತ್ತನೆಯ ದಿನಕ್ಕೊಂದು, ತೊಂಬತ್ತನೆಯ ದಿನಕ್ಕೊಂದು ಅಂಕಣವಿರಬೇಕು: ರೋಗಿ ಬದುಕಿದ್ದಾರೆಯೇ, ಮತ್ತೆ ಆಸ್ಪತ್ರೆ ಸೇರಿದರೇ, ಯಾವ ಮಾತ್ರೆಯನ್ನು ಬಿಟ್ಟರು, ಏಕೆ ಬಿಟ್ಟರು. ಊರಿಗೆ ಹೋದವರನ್ನು ಪತ್ತೆಹಚ್ಚುವುದು ಪ್ರಯಾಸದ ಕೆಲಸ, ಕೆಲವರು ಸಿಕ್ಕುವುದಿಲ್ಲ. ಸಿಕ್ಕದವರ ಅಂಕಣದಲ್ಲಿ ತಿಳಿಯಲಿಲ್ಲ ಎಂದೇ ಬರೆಯತಕ್ಕದ್ದು, ಮತ್ತು ಅವರೆಷ್ಟು ಮಂದಿಯೆಂಬುದನ್ನು ಪ್ರಬಂಧದ ಮೊದಲನೆಯ ಕೋಷ್ಟಕದಲ್ಲಿಯೇ ಕಾಣಿಸತಕ್ಕದ್ದು.